ತೀರ್ಪು ಯಾರದು? ಮಕ್ಕಳ ವಿನ್ಯಾಸ ಶಿಕ್ಷಣದ ಬಗೆಗೆ ಕೆಲವು ಮಾತು

ಮುಂಬಯಿಯಲ್ಲಿ ಮಕ್ಕಳನ್ನು ಓದಿಸಿದ ಕನ್ನಡಿಗರಿಗೆ 'ಗ್ರೇಡ್ ಎಗ್ಸಾಮ್' ಎಂಬುದನ್ನು ಪರಿಚಯ ಮಾಡಿಕೊಡಬೇಕಾದದ್ದಿಲ್ಲ. ಮಹಾರಾಷ್ಟ್ರ ಸರ್ಕಾರದ ಕಲಾ ಸಂಚಾಲನಾಲಯ ನಡೆಸುವ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಚಿತ್ರಕಲಾ ಪರೀಕ್ಷೆಗಳಿಗೆ ನಮ್ಮ ಮಕ್ಕಳೂ ಬಣ್ಣದ ಡಬ್ಬಿ, ನೀರಿನ ಬಟ್ಟಲು ಹಿಡಿದು ಹೊರಡುತ್ತಾರೆ. ತೇರ್ಗಡೆಯಾದರೆ ಎಸ್.ಎಸ್.ಸಿ.ಯ ಮೊತ್ತಕ್ಕೆ ಕೆಲವು ಅಂಕ ಸೇರುತ್ತದೆ ಎಂಬ ಕಾರಣಕ್ಕೆ, ಜನ್ಮದಲ್ಲಿ ಕುಂಚ ಮುಟ್ಟದ ತಂದೆತಾಯಿಗಳೂ ಈ ಪರೀಕ್ಷೆಯ ವಿಷಯದಲ್ಲಿ ಬಲು ಶ್ರದ್ಧಾವಂತರು. ಅದರಲ್ಲಿ ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯುವ ಪತ್ರಿಕೆಯಿದೆ, ನೆನಪಿನಿಂದ ಬರೆಯುವ ಪತ್ರಿಕೆಯಿದೆ, ರೇಖಾಗಣಿತ ಮತ್ತು ಅಕ್ಷರ ಬರವಣಿಗೆಯ ಪತ್ರಿಕೆಯಿದೆ. ಇವುಗಳ ಜೊತೆಗೆ 'ಡಿಸೈನ್' ಎಂಬುದೊಂದಿದೆ. ಮರಾಠಿಯಲ್ಲಿ ಅದಕ್ಕೆ 'ಸಂಕಲ್ಪಚಿತ್ರ' ಎಂಬ ಸೊಗಸಾದ ಹೆಸರು. ಇಲ್ಲಿನ ನಮ್ಮ ಬಹುಪಾಲು ಮಕ್ಕಳ ಕಿವಿಗೆ ಡಿಸೈನ್ ಎಂಬ ಶಬ್ದ ಮೊದಲು ಬೀಳುವುದು ಈ ಪತ್ರಿಕೆಯ ಮೂಲಕವೇ ಆದ್ದರಿಂದ, ವಿಮರ್ಶೆಯನ್ನೂ ಅಲ್ಲಿಂದಲೇ ಆರಂಭಿಸುವುದು ಯುಕ್ತ.

ಮಗು ಅಲ್ಲಿ ಮಾಡುವುದೇನು? ಒಂದು ಚೌಕವನ್ನೋ ವೃತ್ತವನ್ನೋ ತ್ರಿಕೋನವನ್ನೋ ಹಾಕಿಕೊಂಡು, ಅದರೊಳಗೆ ಎಲೆ, ಹೂ, ಹಕ್ಕಿ, ಕೋನಗಳನ್ನು ಒಪ್ಪವಾಗಿ ಹಂಚಿ, ಗೆರೆ ದಾಟದಂತೆ ಬಣ್ಣ ತುಂಬುತ್ತದೆ. ಕೈಯ ಸ್ಥಿರತೆ ಬೆಳೆಯುತ್ತದೆ, ಬಣ್ಣಗಳ ಹೊಂದಾಣಿಕೆ ತಿಳಿಯುತ್ತದೆ; ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಚೌಕ ಯಾವುದರದು? ನೆಲದ ಹಂಚಿನದೋ, ಕರವಸ್ತ್ರದ್ದೋ, ಸೀರೆಯ ಸೆರಗಿನದೋ? ಒಗೆದರೆ, ತುಳಿದರೆ, ಮಡಿಸಿದರೆ ಅದರ ಗತಿಯೇನು? ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದ ಪ್ರಸಂಗ ಮಗುವಿಗೆ ಬರುವುದಿಲ್ಲ. ಪರೀಕ್ಷಕರು ಒಂದು ಗ್ರೇಡು ಹಾಕುತ್ತಾರೆ, ಹಾಳೆ ಕಟ್ಟಿನೊಳಗೆ ಹೋಗುತ್ತದೆ. ಹೆಸರಿನಲ್ಲಿರುವ ಸಂಕಲ್ಪ ಹಾಳೆಯಲ್ಲಿ ಇಲ್ಲ.

ಅಲಂಕಾರವನ್ನು ಹಗುರಾಗಿ ಕಾಣುತ್ತಿದ್ದೇವೆಂದು ವಾಚಕರು ಭಾವಿಸಬಾರದು. ನಮ್ಮ ತಾಯಂದಿರು ಹೊಸ್ತಿಲ ಮುಂದೆ ಎಳೆಯುತ್ತಿದ್ದ ಚುಕ್ಕಿ ರಂಗೋಲಿಯೂ ಅಲಂಕಾರವೇ. ಆದರೆ ಅದಕ್ಕೊಂದು ಜಾಗವಿತ್ತು, ವೇಳೆಯಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿ ಎಷ್ಟು ಸಣ್ಣಗೆ ಇಳಿಯುತ್ತದೋ ಅಷ್ಟೇ ಗೆರೆಯ ದಪ್ಪ. ಅಂಗಳ ಎಷ್ಟಿದೆಯೋ ಅಷ್ಟೇ ಚುಕ್ಕಿ. ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಯಬೇಕು. ಉತ್ತರ ಕರ್ನಾಟಕದ ಕೌದಿಯೂ ಹಾಗೆಯೇ. ಹಳೆಯ ಸೀರೆ, ಹರಿದ ಅಂಗಿಗಳಲ್ಲಿ ಯಾವ ತುಂಡು ಗಟ್ಟಿ, ಯಾವುದು ಲಡ್ಡು, ಯಾವುದು ಮೈಗೆ ಮೆತ್ತಗೆ ಎಂದು ತಿಳಿದು ಹೊಲಿದದ್ದು. ಅದು ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಹೇಳುತ್ತಿದ್ದವರು ಅದನ್ನು ಹೊದ್ದು ಮಲಗಿದವರು. ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಅಂಟಿಸುವ ರಂಗೋಲಿಗಂತೂ ಇಂಥ ಯಾವ ಚಿಂತೆಯೂ ಇಲ್ಲ. ಅದನ್ನು ಅಲ್ಲಿಗೇ ಬಿಡೋಣ.

ಈಗ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಹನ್ನೆರಡನೆಯ ತರಗತಿಯ ನಂತರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಸೇರಬಹುದು, ಮುಂಬಯಿ ಐ.ಐ.ಟಿ. 2015ರಿಂದ ಪದವಿ ಮಟ್ಟದ ವಿನ್ಯಾಸಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆಯನ್ನೇ ನಡೆಸುತ್ತಿದೆ. ಇಂಜಿನಿಯರಿಂಗ್, ಮೆಡಿಕಲ್ ಎಂಬ ಎರಡೇ ದೇವರ ಪೂಜೆ ಮಾಡುತ್ತಿದ್ದ ನಮ್ಮವರು ಈ ಮೂರನೆಯದಕ್ಕೂ ಕೈಮುಗಿಯತೊಡಗಿದ್ದಾರೆ. ಬೇಡಿಕೆ ಬಂದ ಮೇಲೆ ಅಂಗಡಿ ಬರದೆ ಇರುತ್ತದೆಯೆ? ಎಂಟು ಹತ್ತು ವರ್ಷದ ಮಕ್ಕಳಿಗೇ ಡಿಸೈನ್ ತರಗತಿಗಳು, ಶಿಬಿರಗಳು, ಪೆಟ್ಟಿಗೆಗಳಲ್ಲಿ ಬರುವ ಸಾಮಾನುಗಳು. ಸಿ.ಬಿ.ಎಸ್.ಇ.ಯ ಕೌಶಲ ವಿಷಯಗಳ ಪಟ್ಟಿಯಲ್ಲೂ 'ಡಿಸೈನ್ ಥಿಂಕಿಂಗ್' ಸೇರಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಮೂಲಮಂತ್ರ ಒಂದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಶಾಲೆಯಿಂದ ಪ್ರಸಿದ್ಧವಾದ ಐದು ಮೆಟ್ಟಿಲು. ಬಳಸುವವರ ಕಷ್ಟವನ್ನು ಅರಿ, ಸಮಸ್ಯೆಯನ್ನು ಗೊತ್ತುಮಾಡಿಕೋ, ಉಪಾಯಗಳನ್ನು ಯೋಚಿಸು, ಮಾದರಿ ಮಾಡು, ಪರೀಕ್ಷಿಸು. ಮಾತಿನಲ್ಲಿ ತಪ್ಪಿಲ್ಲ. ನಮ್ಮೂರ ಬಡಗಿಯೂ ಇದನ್ನೇ ಮಾಡುತ್ತಿದ್ದ, ಮೆಟ್ಟಿಲು ಎಣಿಸುತ್ತಿರಲಿಲ್ಲ ಅಷ್ಟೆ.

ಇಂಥ ಒಂದು ಶಿಬಿರವನ್ನು ಉಪನಗರವೊಂದರ ಸಭಾಗೃಹದಲ್ಲಿ ನಾವು ಪೂರ್ತಿ ಒಂದು ದಿನ ಕುಳಿತು ನೋಡಿದೆವು. ನಡೆಸಿದವರು ಉತ್ಸಾಹಿಗಳು, ಮಕ್ಕಳು ಖುಷಿಯಾಗಿದ್ದರು. ವಿಷಯ: ವಯಸ್ಸಾದವರಿಗೆ ಅನುಕೂಲವಾದ ನೀರಿನ ಬಾಟಲಿ. ಹಳದಿ, ಗುಲಾಬಿ ಚೀಟಿಗಳು ಗೋಡೆಯ ತುಂಬ ಅಂಟಿದವು. ಥರ್ಮೋಕೋಲು, ರಟ್ಟು, ಮಿನುಗು ಕಾಗದಗಳಿಂದ ಬಾಟಲಿಗಳು ಸಿದ್ಧವಾದವು. ಸಂಜೆ ಎಲ್ಲರಿಗೂ ಪ್ರಮಾಣಪತ್ರ, ಫೋಟೋ. ಆ ಇಡೀ ದಿನದಲ್ಲಿ ಸಭಾಗೃಹಕ್ಕೆ ಒಬ್ಬ ಅಜ್ಜನನ್ನಾಗಲಿ ಅಜ್ಜಿಯನ್ನಾಗಲಿ ಕರೆಯಲಿಲ್ಲ. ಒಂದು ಬಾಟಲಿಗೂ ನೀರು ತುಂಬಲಿಲ್ಲ. ಐದು ಮೆಟ್ಟಿಲುಗಳಲ್ಲಿ ಮೊದಲನೆಯದೂ ಕೊನೆಯದೂ ಹಾಗೆ ಗಾಳಿಯಲ್ಲಿ ತೇಲಿಹೋದವು. ಉಳಿದದ್ದು ನಡುವಿನ ಕತ್ತರಿ ಕೆಲಸ. ಗ್ರೇಡ್ ಪರೀಕ್ಷೆಯಲ್ಲಿ ತೀರ್ಪು ಪರೀಕ್ಷಕರದು, ಇಲ್ಲಿ ಎಲ್ಲರಿಗೂ ಜಯವಾದ್ದರಿಂದ ತೀರ್ಪೇ ಇಲ್ಲ. ಆದರೆ ನೀರು ಸೋರುವುದು ಎಂಬುದೊಂದು ತೀರ್ಪು. ನಡುಗುವ ಕೈಯಿಂದ ಮುಚ್ಚಳ ಜಾರುವುದು ಎಂಬುದೊಂದು ತೀರ್ಪು. ಆ ತೀರ್ಪನ್ನು ಕೇಳಿಸಿಕೊಳ್ಳುವ ಹಕ್ಕು ಮಗುವಿಗೆ ಇರಬೇಕು ಎಂಬುದು ನಮ್ಮ ವಾದ. ಅದನ್ನು ತಪ್ಪಿಸಿದ ಮೇಲೆ ವಿನ್ಯಾಸ ಶಿಕ್ಷಣದಲ್ಲಿ ಉಳಿಯುವುದು ಬಣ್ಣ ಮತ್ತು ಮಾತು.

ಈ ವಿಷಯದಲ್ಲಿ ಹೊರಗಿನ ಮೆಟ್ಟಿಲುಗಳನ್ನು ಎಣಿಸುವ ನಾವು, ನಮ್ಮ ದೇಶಕ್ಕಾಗಿಯೇ ಬರೆದುಕೊಟ್ಟ ಒಂದು ವರದಿಯನ್ನು ಮರೆತಿದ್ದೇವೆ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿಗಳನ್ನು ಭಾರತ ಸರ್ಕಾರ ಕರೆಸಿಕೊಂಡು, ದೇಶವನ್ನು ಸುತ್ತಿಸಿ, ವಿನ್ಯಾಸದ ಶಿಕ್ಷಣ ಹೇಗಿರಬೇಕೆಂದು ಕೇಳಿತ್ತು. ಅವರು 1958ರಲ್ಲಿ ಒಪ್ಪಿಸಿದ 'ಇಂಡಿಯಾ ರಿಪೋರ್ಟ್' ಬಹಳ ಸಣ್ಣದು. ಅದರ ಹಿಂದೆಯೇ 1961ರಲ್ಲಿ ಅಹಮದಾಬಾದಿನ ಸಂಸ್ಥೆ ಹುಟ್ಟಿತು. ಇಷ್ಟೆಲ್ಲ ತಿರುಗಾಡಿದ ಆ ದಂಪತಿಗಳು ಹೆಚ್ಚು ಮೆಚ್ಚಿದ್ದು ತಾಜಮಹಲನ್ನಲ್ಲ, ಲೋಟಾವನ್ನು. ಅಂದರೆ ನಮ್ಮ ತಂಬಿಗೆಯನ್ನು.

ವರದಿಯ ಆ ಪುಟವನ್ನು ವಿನ್ಯಾಸದ ವಿದ್ಯಾರ್ಥಿಗಳು ಬಾಯಿಪಾಠ ಮಾಡುವಷ್ಟು ಹೆಸರುವಾಸಿ ಮಾಡಿದ್ದಾರೆ. ಆದರೆ ಅದು ಹತ್ತು ವರ್ಷದ ಮಗುವಿಗೆ ಹೇಳಿಮಾಡಿಸಿದ ಪಾಠ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ತಂಬಿಗೆಯನ್ನು ಹೊಸದಾಗಿ ಮಾಡಬೇಕಾಗಿದ್ದರೆ ಏನೇನು ಯೋಚಿಸಬೇಕಾಗುತ್ತಿತ್ತು ಎಂದು ಅವರು ಪ್ರಶ್ನೆಯ ಮೇಲೆ ಪ್ರಶ್ನೆ ಪೋಣಿಸುತ್ತಾರೆ. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಗಂಡಸಿನದೋ ಹೆಂಗಸಿನದೋ ಮಗುವಿನದೋ? ಹೊರುವುದು ತಲೆಯ ಮೇಲೋ, ಸೊಂಟದಲ್ಲೋ, ಕೈಯಲ್ಲೋ? ತುಂಬಿದಾಗ ತೂಕದ ಕೇಂದ್ರ ಎಲ್ಲಿ, ಬರಿದಾದಾಗ ಎಲ್ಲಿ? ದ್ರವವಲ್ಲದ ಬೇರೆ ವಸ್ತು ತುಂಬಿಟ್ಟರೆ ಹೇಗೆ? ತೊಳೆಯಲು ಕೈ ಒಳಗೆ ಹೋಗುತ್ತದೆಯೆ? ಬೆಲೆ ಎಷ್ಟು, ಹಳತಾದ ಮೇಲೆ ಆ ಲೋಹಕ್ಕೆ ಸಿಗುವುದೆಷ್ಟು? ಮಾರುವಾಗ, ಉಡುಗೊರೆ ಕೊಡುವಾಗ ಮನಸ್ಸಿಗೆ ಹೇಗನ್ನಿಸುತ್ತದೆ? ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಹಿತ್ತಾಳೆಯನ್ನು ದಿನವೂ ಹೊನ್ನಾಗಿಸುವ ಹೆಂಗಸರನ್ನೂ ಅವರು ಕಂಡಿದ್ದಾರೆ. ಕೊನೆಗೆ ಅವರು ಹೇಳುವ ಮಾತು ಮುಖ್ಯ. ತಂಬಿಗೆಯನ್ನು ಒಬ್ಬ ಮನುಷ್ಯ ವಿನ್ಯಾಸ ಮಾಡಲಿಲ್ಲ. ಅನೇಕರು, ಅನೇಕ ತಲೆಮಾರುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಮಾಡಿದರು.

ಬಿ.ಎಸ್ಸಿ. ಓದುವಾಗ ಗುರುತ್ವಕೇಂದ್ರದ ಲೆಕ್ಕಗಳನ್ನು ನಾವು ಗೋಲ, ಶಂಕುಗಳ ಮೇಲೆ ಎಷ್ಟೋ ಮಾಡಿದ್ದೇವೆ. ಅಡುಗೆಮನೆಯ ತಂಬಿಗೆಯ ಮೇಲೆ ಮಾಡಿ ಎಂದವರಿಲ್ಲ. ಮಗುವಿನ ಮುಂದೆ ಒಂದು ತಂಬಿಗೆ, ಒಂದು ಪ್ಲಾಸ್ಟಿಕ್ ಮಗ್, ಒಂದು ಸ್ಟೀಲ್ ಲೋಟ ಇಟ್ಟು, ಮೂರರಿಂದಲೂ ನೀರು ಸುರಿಯುವುದಕ್ಕೆ ಬಿಡಬೇಕು. ಯಾವುದರಿಂದ ಧಾರೆ ಸಣ್ಣಗೆ ಬೀಳುತ್ತದೆ, ಯಾವುದು ಹೊರಮೈಗೆ ಅಂಟಿ ಮೊಣಕೈವರೆಗೆ ಇಳಿಯುತ್ತದೆ, ಒದ್ದೆ ಕೈಯಿಂದ ಯಾವುದು ಜಾರದು ಎಂಬುದು ಕಾಲು ಗಂಟೆಯಲ್ಲಿ ತಿಳಿಯುತ್ತದೆ. ತಂಬಿಗೆಯ ಕಂಠ ಒಳಕ್ಕೆ ಸರಿದು ಬಾಯಿ ಹೊರಕ್ಕೆ ಚಾಚಿರುವುದು ಚೆಂದಕ್ಕಲ್ಲ, ಬೆರಳು ಹಿಡಿಯುವುದಕ್ಕೆ, ಹಗ್ಗ ಕಟ್ಟಿ ಬಾವಿಗಿಳಿಸುವುದಕ್ಕೆ ಎಂದು ಹೇಳಿಕೊಡುವ ಅಜ್ಜಿ ಊರಿನಿಂದ ಬಂದಿದ್ದರೆ ಇನ್ನೂ ಒಳ್ಳೆಯದು. ಮಗ್ಗಿಗೆ ಹಿಡಿ ಇರುವ ಅನುಕೂಲವನ್ನೂ ಮಗು ಹೇಳಲಿ. ಹಿರಿಯರ ತಂಬಿಗೆಯೇ ಗೆಲ್ಲಬೇಕೆಂಬ ಹಟ ನಮಗಿಲ್ಲ.

ಪೆಟ್ಟಿಗೆಯಲ್ಲಿ ಬರುವ ಸಾಮಾನಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದರ ಇತಿಹಾಸ ಎಚ್ಚರಿಕೆಯ ಇತಿಹಾಸ. ಮಕ್ಕಳ ಕೈಗೆ ವಿನ್ಯಾಸದ ಸಾಮಗ್ರಿ ಕೊಟ್ಟವರಲ್ಲಿ ಮೊದಲಿಗರೆನ್ನಬಹುದಾದವರು ಜರ್ಮನಿಯ ಫ್ರೋಬೆಲ್. ಬರ್ಲಿನ್ನಿನಲ್ಲಿ ಹರಳುಗಳ ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಅವರು, 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕಮಕ್ಕಳ ಶಾಲೆ ತೆರೆದರು. ಅದೇ ಮುಂದೆ ಕಿಂಡರ್‌ಗಾರ್ಟನ್ ಎನಿಸಿತು. ಉಣ್ಣೆಯ ಚೆಂಡು, ಮರದ ಗೋಲ, ಉರುಳೆ, ಘನ, ಎಂಟು ತುಂಡಾಗುವ ಘನ ಹೀಗೆ ಒಂದರ ಮೇಲೊಂದು 'ಉಡುಗೊರೆ'ಗಳನ್ನು ಅವರು ಯೋಜಿಸಿದರು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಇವನ್ನು ಕಂಡ ಒಬ್ಬ ತಾಯಿ ಮಗನಿಗಾಗಿ ತಂದುಕೊಟ್ಟಳು. ಆ ಹುಡುಗನೇ ಮುಂದೆ ಹೆಸರಾಂತ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳ ಸ್ಪರ್ಶ ಬೆರಳಿನಲ್ಲಿ ಉಳಿದಿತ್ತೆಂದು ಅವರು ಮುಪ್ಪಿನಲ್ಲೂ ನೆನೆಯುತ್ತಿದ್ದರು. ಆದರೆ ಇದೇ ಉಡುಗೊರೆಗಳು ಕಂಪನಿಗಳ ಸರಕಾಗಿ ಶಾಲೆಗಳಿಗೆ ಹರಡಿದಾಗ ನಡೆದದ್ದೇನು? ಈ ತುಂಡನ್ನು ಎತ್ತು, ಅಲ್ಲಿಡು, ಈಗ ಇದು ಕುರ್ಚಿ, ಈಗ ಇದು ಮೇಜು ಎಂದು ಶಿಕ್ಷಕಿಯರು ಕವಾಯತು ಮಾಡಿಸತೊಡಗಿದರು. ಡ್ಯೂಯಿ ಮೊದಲಾದ ಶಿಕ್ಷಣತಜ್ಞರು ಇದಕ್ಕೆ ಆಕ್ಷೇಪವೆತ್ತಬೇಕಾಯಿತು. ಪೆಟ್ಟಿಗೆ ಅದೇ, ತೀರ್ಪು ಮಾತ್ರ ಮಗುವಿನ ಕೈಯಿಂದ ಶಿಕ್ಷಕಿಯ ಕೈಗೆ ಹೋಗಿತ್ತು.

ನಮ್ಮಲ್ಲಿ ಒಳ್ಳೆಯ ಪುಸ್ತಕಗಳು ಇಲ್ಲದೆ ಇಲ್ಲ. ಅಹಮದಾಬಾದಿನ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಸುದರ್ಶನ್ ಖನ್ನಾ ಜಾತ್ರೆಗಳಲ್ಲಿ, ಬೀದಿಗಳಲ್ಲಿ ಮಾರುವ ಜನಪದ ಆಟಿಕೆಗಳನ್ನು ಕೂಡಿಸಿ 1983ರಲ್ಲಿ 'ಡೈನಮಿಕ್ ಫೋಕ್ ಟಾಯ್ಸ್' ಹೊರತಂದರು. ಕಾಗದ, ಕಡ್ಡಿ, ಮಣ್ಣು, ದಾರಗಳಿಂದಾದ ತಿರುಗುವ, ಸದ್ದು ಮಾಡುವ, ಹಾರುವ ವಸ್ತುಗಳು. ಇದರ ದೊಡ್ಡ ಗುಣವೆಂದರೆ ಆಟಿಕೆ ಮಾರುವವನನ್ನು ವಿನ್ಯಾಸಕಾರನೆಂದು ಗೌರವಿಸಿದ್ದು. ಪೀಪಿ ಊದಿದರೆ ಸದ್ದು ಬರಬೇಕು. ಬರದಿದ್ದರೆ ಕೊಂಡ ಮಗುವೇ ಹಿಂದಿರುಗಿಸುತ್ತದೆ. ಇನ್ನು ಅರವಿಂದ ಗುಪ್ತಾ. ಪುಣೆಯ ಖಗೋಳವಿಜ್ಞಾನ ಸಂಸ್ಥೆಯಾದ ಆಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಹಲವು ವರ್ಷ ದುಡಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡಿನಿಂದ ಜೋಡಿಸುವ ಅವರ ಆಟ ಈಗ ದೇಶದ ತುಂಬ ಗೊತ್ತು. ನಾಲ್ಕು ಕಡ್ಡಿಯ ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ಮೂರು ಕಡ್ಡಿಯ ತ್ರಿಕೋನ ಅಲ್ಲಾಡುವುದಿಲ್ಲ. ರೈಲಿನ ಕಿಟಕಿಯಿಂದ ಕಾಣುವ ಕಬ್ಬಿಣದ ಸೇತುವೆಯಾಗಲಿ, ರೈಲ್ವೆ ನಿಲ್ದಾಣದ ಛಾವಣಿಯಾಗಲಿ ಏಕೆ ತ್ರಿಕೋನಗಳಿಂದ ತುಂಬಿದೆ ಎಂದು ಆ ಮೇಲೆ ಹೇಳಿಕೊಡಬೇಕಾಗುವುದಿಲ್ಲ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಈ ಆಟಿಕೆಗಳನ್ನು ಮಗು ಸೂಚನೆಯಂತೆ ಮಾಡುತ್ತದೆ. ಯಾರಿಗಾಗಿ, ಏತಕ್ಕಾಗಿ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ವಿಜ್ಞಾನದ ಪಾಠ ಪೂರ್ತಿ, ವಿನ್ಯಾಸದ್ದು ಅರ್ಧ.

ಉಳಿದರ್ಧವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಹಾರ್ಬರ್ ಲೈನಿನಲ್ಲಿ ಮಾನಖುರ್ದಿಗೆ ಹೋದರೆ ಸಾಕು. ಅಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು 2000ದ ದಶಕದಲ್ಲಿ ಮಿಡ್ಲ್ ಸ್ಕೂಲಿನ ಮಕ್ಕಳಿಗಾಗಿ ವಿನ್ಯಾಸ ಮತ್ತು ತಂತ್ರಜ್ಞಾನದ ಮೂರು ಘಟಕಗಳನ್ನು ರೂಪಿಸಿ ಪ್ರಯೋಗಿಸಿದರು. ಒಂದು ಚೀಲ, ಒಂದು ಗಾಳಿಯಂತ್ರದ ಮಾದರಿ, ಒಂದು ಗೊಂಬೆಯಾಟ. ನಗರದ ಇಂಗ್ಲಿಷ್ ಮಾಧ್ಯಮ, ನಗರದ ಮರಾಠಿ ಮಾಧ್ಯಮ, ಗ್ರಾಮದ ಬುಡಕಟ್ಟು ಮಕ್ಕಳು ಹೀಗೆ ಮೂರು ಬೇರೆ ಬೇರೆ ಸನ್ನಿವೇಶಗಳಲ್ಲಿ ಅದನ್ನು ನಡೆಸಿ ನೋಡಿದ್ದು ಮೆಚ್ಚತಕ್ಕ ವಿಷಯ. ಮಕ್ಕಳು ಗುಂಪಾಗಿ ಯೋಚಿಸಿ, ಮೊದಲು ಚಿತ್ರ ಬರೆದು, ಅಳತೆ ಹಾಕಿ, ಯಾವುದರ ನಂತರ ಯಾವುದು ಎಂದು ಕ್ರಮ ಬರೆದುಕೊಂಡು, ಆಮೇಲೆ ಕೈಯಿಂದ ಮಾಡಿ, ತಮ್ಮದನ್ನೂ ಇತರ ಗುಂಪುಗಳದ್ದನ್ನೂ ತಾವೇ ಪರಿಶೀಲಿಸಬೇಕಾಗಿತ್ತು. ಅಂದರೆ ತೀರ್ಪು ಮಕ್ಕಳ ನಡುವೆಯೇ ಉಳಿಯಿತು. ಗಾಳಿಯಂತ್ರದ ರೆಕ್ಕೆ ತಿರುಗದಿದ್ದರೆ ಯಾರ ಗ್ರೇಡೂ ಅದನ್ನು ತಿರುಗಿಸಲಾರದು.

ಇಷ್ಟು ಒಳ್ಳೆಯ ಕೆಲಸ ನಮ್ಮ ಮಕ್ಕಳ ಶಾಲೆಗಳ ವೇಳಾಪಟ್ಟಿಗೆ ಬರಲಿಲ್ಲ. ಸಂಶೋಧನ ಪ್ರಬಂಧಗಳಲ್ಲಿ ಉಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ನಲವತ್ತು ನಿಮಿಷದ ಗಂಟೆಯಲ್ಲಿ ಐವತ್ತು ಅರವತ್ತು ಮಕ್ಕಳನ್ನಿಟ್ಟುಕೊಂಡು ಚೀಲ ಹೊಲಿಸುವುದು ಹೇಗೆ? ಇದು ಬಡ ದೇಶದ ತೊಂದರೆ ಮಾತ್ರ ಎಂದೂ ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1990ರಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನವನ್ನು ರಾಷ್ಟ್ರೀಯ ಪಠ್ಯಕ್ರಮದಲ್ಲಿ ಕಡ್ಡಾಯ ಮಾಡಿದರು. 2004ರಿಂದ ಹದಿನಾಲ್ಕು ದಾಟಿದವರಿಗೆ ಆ ಕಡ್ಡಾಯ ತಪ್ಪಿತು. ಇತ್ತ ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಬಳಿ ಕಲಿಯಲಿ ಎಂದಿದೆ. ಮಾತು ಚೆನ್ನಾಗಿದೆ. ಆದರೆ ಶಾಲೆ 'ಪ್ರಾಜೆಕ್ಟ್' ಎಂದ ಕೂಡಲೇ ಮೂಲೆಯ ಸ್ಟೇಷನರಿ ಅಂಗಡಿಯಲ್ಲಿ ತಯಾರಾದ ಜ್ವಾಲಾಮುಖಿ ಕೊಂಡು ತರುವ ತಂದೆತಾಯಿಗಳು ಬಡಗಿಯ ಹತ್ತು ದಿನವನ್ನೂ ಎಲ್ಲಿಂದಲಾದರೂ ಕೊಂಡು ತಂದಾರು ಎಂಬ ಭಯ ನಮಗಿದೆ.

ಹದಿಹರೆಯದವರ ಮಾತೇ ಬೇರೆ. ಅವರಿಗೆ ಗಾಳಿಯಂತ್ರ ಚಿಕ್ಕಮಕ್ಕಳ ಆಟ. ಅವರ ಕೈಗೆ ಕಚೇರಿಯ ಒಂದು ಫಾರಮನ್ನು ಕೊಡಬೇಕು. ಸರ್ಕಾರಿ ಕಾಗದಗಳ ನಡುವೆಯೇ ಕೂದಲು ನರೆಸಿಕೊಂಡವರ ಮಾತು ಇದು, ಸ್ವಲ್ಪ ನಂಬಬಹುದು. ಮೊದಲ ಹೆಸರು, ನಡುವಿನ ಹೆಸರು, ಸರ್‌ನೇಮ್ ಎಂದು ಮೂರು ಕೋಣೆ. ನಮ್ಮ ಹಳೆಯ ಮೈಸೂರಿನ ಕಡೆಯವರು ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ತಮ್ಮ ಹೆಸರು ಬರೆಯುವವರು. ಪರಿಣಾಮವಾಗಿ ಅಪ್ಪನ ಹೆಸರು ಮಗನ ಸರ್‌ನೇಮ್ ಆಗುತ್ತದೆ, ಒಂದು ಗುರುತುಚೀಟಿಯಲ್ಲಿ ಊರು, ಇನ್ನೊಂದರಲ್ಲಿ ಬರಿಯ ಚುಕ್ಕೆ. ಆಮೇಲೆ ಅಫಿಡವಿಟ್ಟು. ಈ ಕೌಂಟರಿನ ಎರಡೂ ಬದಿಗಳಲ್ಲಿ ನಿಂತು ನೋಡಿದ್ದೇವೆ. ತಪ್ಪು ಬರೆದವನದಲ್ಲ, ಕೋಣೆಯದು. ಹದಿನೈದು ವರ್ಷದ ಹುಡುಗಿಯೊಬ್ಬಳು ತನ್ನ ಅಜ್ಜನ ಹೆಸರು, ಪಕ್ಕದ ಮನೆಯ ತಮಿಳರ ಹೆಸರು, ಎದುರು ಮನೆಯ ಗುಜರಾತಿ ಹೆಸರು ಮೂರೂ ಸರಿಯಾಗಿ ಕೂರುವ ಒಂದು ಫಾರಂ ಬರೆಯಲಿ. ಬರೆದು ಅವರವರ ಕೈಗೇ ಕೊಟ್ಟು, ಎಲ್ಲಿ ಪೆನ್ನು ನಿಲ್ಲುತ್ತದೆ ಎಂದು ಬಾಯಿ ಬಿಡದೆ ನೋಡುತ್ತ ಕುಳಿತುಕೊಳ್ಳಲಿ. ಈ ಒಂದು ಅಭ್ಯಾಸದಲ್ಲಿ ಐದು ಮೆಟ್ಟಿಲೂ ಇವೆ, ಪೆಟ್ಟಿಗೆಯ ಖರ್ಚಿಲ್ಲ.

ನಮ್ಮ ಸಂಘದ ಬೇಸಿಗೆ ಶಿಬಿರದಲ್ಲಿ ಈ ಬಾರಿ ವಿನ್ಯಾಸವೂ ಇರಲಿ ಎಂಬ ಸೂಚನೆ ಬಂದಿರುವುದರಿಂದಲೇ ಇಷ್ಟನ್ನು ಬರೆಯಬೇಕಾಯಿತು. ಪೆಟ್ಟಿಗೆಗಳನ್ನು ಕೊಳ್ಳುವ ಹಣದಲ್ಲಿ ನಾವು ಬೇರೆ ಏರ್ಪಾಡನ್ನು ಸೂಚಿಸುತ್ತೇವೆ. ಆರು ಬೆಳಗು, ಹನ್ನೆರಡು ಹದಿನೈದು ಮಕ್ಕಳು, ಅದಕ್ಕಿಂತ ಹೆಚ್ಚು ಬೇಡ. ನಿಲ್ದಾಣದ ಹೊರಗೆ ಕೂತು ಚೀಲ, ಜಿಪ್ ರಿಪೇರಿ ಮಾಡುವವನನ್ನು ಎರಡು ದಿನ ಕರೆಸಬೇಕು. ಅವನ ಆ ದಿನಗಳ ಸಂಪಾದನೆಗೆ ಕಡಮೆಯಾಗದಂತೆ ಕೊಡಬೇಕು, ಶಾಲು ಹೊದಿಸಿ ಕಳುಹಿಸಿದರೆ ಸಾಲದು. ಶಾಲಾಚೀಲ ಮೊದಲು ಎಲ್ಲಿ ಹರಿಯುತ್ತದೆ ಎಂಬುದನ್ನು ಅವನಷ್ಟು ಬಲ್ಲವರಿಲ್ಲ. ರಜೆಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಚನ್ನಪಟ್ಟಣದಲ್ಲಿಳಿದು ಬೊಂಬೆ ಕೊಂಡು ಬರುವ ಬದಲು, ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುವುದನ್ನೂ, ಕೇದಗೆ ಎಲೆಯಿಂದ ಹೊಳಪು ಬರುವುದನ್ನೂ ಮಕ್ಕಳಿಗೆ ಅರ್ಧ ಗಂಟೆ ನಿಂತು ತೋರಿಸಲಿ.

ದೊಡ್ಡ ಮಕ್ಕಳಿಗೆ ವಿಷಯ ನಮ್ಮ ಸಭಾಗೃಹದ ಬಾಗಿಲಲ್ಲೇ ಇದೆ: ಚಪ್ಪಲಿಗಳ ರಾಶಿ. ಕಾರ್ಯಕ್ರಮ ಮುಗಿದ ಮೇಲೆ ಮುನ್ನೂರು ಜನ ಒಂದೇ ಬಾಗಿಲಿನಲ್ಲಿ ಬಗ್ಗಿ ಹುಡುಕುತ್ತಾರೆ. ಮಂಡಿ ನೋವಿನ ಹಿರಿಯರು ಗೋಡೆ ಹಿಡಿದು ನಿಲ್ಲುತ್ತಾರೆ. ಇದಕ್ಕೇನು ಮಾಡಬಹುದೆಂದು ಹುಡುಗರು ಯೋಚಿಸಿ, ಹಲಗೆ, ಹಗ್ಗ, ಚೀಟಿ ಏನು ಬೇಕೋ ಅದರಿಂದ ಮಾಡಿ ನಿಲ್ಲಿಸಲಿ. ರಾಜ್ಯೋತ್ಸವದ ಸಂಜೆ ಅದು ಅಲ್ಲಿಯೇ ಇರಲಿ, ಗಡಿಯಾರ ಹಿಡಿದ ಇಬ್ಬರು ಮಕ್ಕಳು ಬಾಗಿಲ ಬಳಿ ಇರಲಿ. ಕೊನೆಯ ಜೋಡಿ ಹೊರಟಾಗ ಎಷ್ಟು ಗಂಟೆಯಾಗಿತ್ತೆಂದು ಮರುದಿನ ಅವರೇ ಬಂದು ಹೇಳಲಿ.